ಮೂರು ದಿನ ತುಟಿ ಬಿಚ್ಚದ ನಿಯಮ

ಮಾರ್ಚ್ ೧೪, ಗುರುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂದು ತಿಂಗಳಾಯಿತು. ತಡವಾಯಿತೆಂದು ಈಗಲೇ ಬೈಯಬೇಡ, ಬೈಯುವುದಿದ್ದರೆ ಪೂರ್ತಿ ಓದಿ ಬೈ. ಭಾವನ ಮಂಡಿನೋವು ಈಗ ಹೇಗಿದೆ?

ನನ್ನ ತಲೆಯಂತೂ ಕೆಟ್ಟುಹೋಗಿದೆ. ನಮ್ಮ ವಿಭಾಗದ ಸಂಶೋಧನಾ ವಿದ್ಯಾರ್ಥಿಗಳು ಊರೂರಲ್ಲಿ ಕೂತು ಪ್ರಬಂಧ ಬರೆಯುವವರು, ಒಬ್ಬರ ಮುಖ ಒಬ್ಬರು ಕಂಡವರಲ್ಲ. ಅವರಿಗೊಂದು ಆನ್‌ಲೈನ್ ಬಳಗ ಮಾಡುವ ಕೆಲಸವನ್ನು ಮುಖ್ಯಸ್ಥರು ನನ್ನ ಕೊರಳಿಗೆ ಕಟ್ಟಿದರು. ಮಾಡಿದೆ. ನಲವತ್ತೊಂದು ಜನ ಸೇರಿದರು. ವಾರಕ್ಕೊಂದು ಸಭೆ. ಎಲ್ಲರ ಕ್ಯಾಮೆರಾ ಬಂದ್, ಮೈಕ್ ಬಂದ್, ನಾನೊಬ್ಬಳೇ ಗಂಟಲು ಹರಿದುಕೊಳ್ಳಬೇಕು. "ಕೇಳಿಸ್ತಿದೆಯೇನ್ರಪ್ಪಾ?" ಅಂದರೆ ಒಂದು ಹೆಬ್ಬೆರಳಿನ ಚಿತ್ರ ಬರುತ್ತದೆ, ಅಷ್ಟೆ.

ಬಳಗದ ವಾಟ್ಸಾಪ್ ಗುಂಪಿನಲ್ಲಿ ಯಾರು ಪ್ರಶ್ನೆ ಹಾಕಿದರೂ ಎಲ್ಲರೂ ನನ್ನ ಉತ್ತರಕ್ಕೇ ಕಾಯುತ್ತಿದ್ದರು. ರೋಸಿಹೋಗಿ ನಿಯಮ ಮಾಡಿದೆ: ಪ್ರಶ್ನೆ ಬಂದ ಮೇಲೆ ಮೂರು ದಿನ ನಾನು ತುಟಿ ಬಿಚ್ಚುವುದಿಲ್ಲ, ನೀವು ನೀವೇ ಮಾತಾಡಿಕೊಳ್ಳಿ. "ಭೇಷ್, ಇದನ್ನ ವರದೀಲಿ ಬರೀರಿ" ಅಂದರು ಮುಖ್ಯಸ್ಥರು.

ಕಳೆದ ವಾರ, ಸಂಶೋಧನೆಯ ಐದನೇ ವರ್ಷದಲ್ಲಿದ್ದ ಹುಡುಗಿಯೊಬ್ಬಳು ಗುಂಪಿನಲ್ಲಿ ಬರೆದಳು: "ನಾಲ್ಕು ತಿಂಗಳಿಂದ ಒಂದು ಸಾಲೂ ಬರೆಯೋಕಾಗ್ತಿಲ್ಲ. ಯಾರಿಗಾದ್ರೂ ಹೀಗಾಗಿದೆಯಾ?" ಮೂವತ್ತೆಂಟು ಜನ ಓದಿದ ಗುರುತಿದೆ. ಒಬ್ಬರೂ ತುಟಿಪಿಟಕ್ ಎನ್ನಲಿಲ್ಲ. ಎರಡನೇ ದಿನ ಅವಳು ಪಿಎಚ್.ಡಿ. ನೋಂದಣಿಯನ್ನೇ ರದ್ದು ಮಾಡಿಸಿಬಿಟ್ಟಳು. ಫೋನ್ ಮಾಡಿದರೆ, "ಪರವಾಗಿಲ್ಲ ಮೇಡಂ, ನನಗೊಬ್ಬಳಿಗೇ ಹೀಗೆ ಅಂತ ಗೊತ್ತಾಯ್ತಲ್ಲ" ಅಂದಳು.

ಸಿಟ್ಟು ನೆತ್ತಿಗೇರಿತು. ಸಭೆಯಲ್ಲಿ "ನಿಮಗೆಲ್ಲ ಕರುಳಿಲ್ವೇನ್ರೋ?" ಎಂದು ಕೂಗಾಡಿದೆ. ಒಬ್ಬ ಮೆಲ್ಲಗೆ ಮೈಕ್ ಹಾಕಿ, "ಮೇಡಂ, ನಮ್ಮ ಗೈಡ್‌ಗಳೂ ಇದೇ ಗುಂಪಲ್ಲಿದಾರೆ. ಅವರೆದುರಿಗೆ ನಂಗೂ ಆಗ್ತಿಲ್ಲ ಅಂತ ಹೇಗೆ ಹೇಳೋದು?" ಎಂದ. ಗುಂಪಿಗೊಂದು ತೂಕ ಇರಲಿ ಎಂದು ಅವರನ್ನು ಸೇರಿಸಿದವಳು ನಾನೇ. ಸೇರಿಸು ಎಂದು ಯಾರೂ ಹೇಳಿರಲಿಲ್ಲ.

ಸಾಕು, ನಿನಗೂ ತಲೆನೋವು ಬಂದೀತು. ಮಕ್ಕಳಿಗೆ ನನ್ನ ಆಶೀರ್ವಾದ. ಏನು ಬೇಕಾದರೂ ಓದಲಿ, ನನ್ನ ಕೆಲಸಕ್ಕೆ ಮಾತ್ರ ಬರದಿರಲಿ. ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ

ತಾ.ಕ.: ಇದನ್ನು ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಅವಳು ಕೇಳಿದ ಐದೇ ನಿಮಿಷಕ್ಕೆ ನಾನು ಓದಿದ್ದೆ. ನನಗೂ ಇಡೀ ಒಂದು ವರ್ಷ ಹಾಗಾಗಿತ್ತು, ನಿನಗೊಬ್ಬಳಿಗೇ ಗೊತ್ತು. "ನನಗೂ ಆಗಿತ್ತು ಕಣೇ" ಎಂದು ಬರೆದೂ ಬರೆದೆ. ಉಳಿದ ಮೇಷ್ಟ್ರುಗಳು ಓದುತ್ತಾರಲ್ಲ ಎಂದು ನಾಚಿಕೆಯಾಗಿ ಕಳಿಸುವ ಮೊದಲೇ ಅಳಿಸಿಬಿಟ್ಟೆ. ನಿಯಮ ಬರೀ ನೆಪ. ಫೋನಿನಲ್ಲಿ ನಾವಿಬ್ಬರೇ ಇದ್ದೆವು ಅಕ್ಕಾ, ಆಗಲೂ ಹೇಳಲಿಲ್ಲ.