ಆವಿಯೋ, ಸಿಡಿಮದ್ದೋ?

ಚಾರ್ಡ್, ಸಾಮರ್ಸೆಟ್
೧೮೫೧ ಜೂನ್ ೧೨

ಮುದ್ದಿನ ಮಗ ರೂಬೆನ್‌ಗೆ,

ಹೇಗಿದ್ದೀಯಪ್ಪಾ? ಹಡಗಿನ ಬೆಂಕಿಗೆ ಕಲ್ಲಿದ್ದಲು ತುಂಬಿ ತುಂಬಿ ಬಂದಿದ್ದ ಆ ಕೆಮ್ಮು ಹೋಯಿತೇ? ಎದೆಗೆ ಹೆಬ್ಬಾತಿನ ಕೊಬ್ಬು ಹಚ್ಚಿಕೊ, ನಾಚಿಕೊಳ್ಳಬೇಡ. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಬೇಕು. ಇದ್ದೇವೋ ಇಲ್ಲವೋ ನನಗೇ ತಿಳಿಯುತ್ತಿಲ್ಲ.

ನಿಮ್ಮಪ್ಪನ ಹಾರುವ ಬಂಡಿಗೆ ರೆಕ್ಕೆ ಕಟ್ಟಿ ಮುಗಿಯಿತು. ಲೇಸ್ ಗಿರಣಿಯ ಉದ್ದನೆಯ ಕೋಣೆಯ ತುಂಬ ಅದೇ. ರೆಕ್ಕೆಯ ರೇಷ್ಮೆ ನಾನೇ ಹೊಲಿದದ್ದು, ನೋಡಿದರೆ ನನಗೂ ಹೆಮ್ಮೆಯೇ. ಈಗ ಅದನ್ನು ಯಾವುದರಿಂದ ಓಡಿಸುವುದು ಎಂಬುದೇ ಜಗಳ. ನಿಮ್ಮಪ್ಪನದು ಆವಿಯ ಎಂಜಿನ್. ಬಾಯ್ಲರು, ನೀರು, ಬೆಂಕಿ ಎಲ್ಲ ಸೇರಿ ಎಂಥ ಭಾರವೆಂದರೆ ಬಂಡಿ ನೆಲ ಬಿಟ್ಟು ಏಳುವುದೇ ಇಲ್ಲ. ನಿನ್ನ ಚಿಕ್ಕಪ್ಪ ಎಬೆನೀಜರ್ ಬಿಡುತ್ತಾನೆಯೇ? "ಅಣ್ಣಾ, ನೀನು ಹಾರಿಸ್ತಿರೋದು ಹಕ್ಕೀನೋ ಬಚ್ಚಲ ಹಂಡೇನೋ?" ಎಂದು ರೇಗಿಸುತ್ತಾನೆ. ಅವನದು ಸಿಡಿಮದ್ದಿನ ಎಂಜಿನ್. ಚಿಟಿಕೆ ಚಿಟಿಕೆ ಮದ್ದು ಸಿಡಿದು ಚಕ್ರ ತಿರುಗುತ್ತದಂತೆ. ನೀರೂ ಬೇಡ, ಬಾಯ್ಲರೂ ಬೇಡ. ಮೊನ್ನೆ ಅದು ನಮ್ಮ ಕೋಳಿಗೂಡಿನ ಸೂರು ಹಾರಿಸಿತು. "ಏನೋ ಒಂದು ಹಾರಿತಲ್ಲ ಅತ್ತಿಗೆ!" ಎಂದ, ಹುಬ್ಬು ಸುಟ್ಟುಕೊಂಡ ಭೂಪ.

ಅವರು ಮಾತಾಡುವಾಗ ಇಬ್ಬರದೂ ಸರಿ ಅನ್ನಿಸುತ್ತದೆ. ಎದ್ದು ಅಡುಗೆಮನೆಗೆ ಬಂದರೆ ಇಬ್ಬರಿಗೂ ತಲೆ ಕೆಟ್ಟಿದೆ ಅನ್ನಿಸುತ್ತದೆ. ಭಾರ ಇಳಿಸುವ ಹುಚ್ಚು ಬೇರೆ! ನೂಲು ತೂಗುವ ತಕ್ಕಡಿಯಲ್ಲಿ ಮೊಳೆ ಮೊಳೆಯನ್ನೂ ತೂಗುತ್ತಾರೆ. ನಿಮ್ಮಪ್ಪ ಕೋಟಿನ ಗುಂಡಿಗಳನ್ನೂ ಕತ್ತರಿಸಿಕೊಂಡಿದ್ದಾರೆ. ಕೊನೆಗೆ ಮನೆಯವರನ್ನೆಲ್ಲ ಗಿರಣಿಯ ದೊಡ್ಡ ತಕ್ಕಡಿಗೆ ಹತ್ತಿಸಿದರು. ಎಲ್ಲರಿಗಿಂತ ಹಗುರ ನಿನ್ನ ತಂಗಿ ಥಿರ್ಜಾ, ಅವಳೇ ಬಂಡಿಯಲ್ಲಿ ಕೂರಬೇಕಂತೆ. ಈ ಒಂದು ವಿಷಯಕ್ಕೆ ಮಾತ್ರ ಅಣ್ಣತಮ್ಮಂದಿರಲ್ಲಿ ಜಗಳವಿಲ್ಲ ನೋಡು. ಹುಡುಗಿ ಕುಣಿಯುತ್ತಿದ್ದಾಳೆ. ಅವಳನ್ನು ಬೆಂಕಿಯ ಪಕ್ಕ ಕೂರಿಸಲೋ, ಮದ್ದಿನ ಪಕ್ಕ ಕೂರಿಸಲೋ, ಹೇಳಪ್ಪಾ? ಬೇಡವೆಂದರೆ ನಿಮ್ಮಪ್ಪ "ನಿನಗೇನು ಗೊತ್ತಾಗುತ್ತೆ, ಸುಮ್ನಿರೇ" ಅನ್ನುತ್ತಾರೆ. ನಿಜ, ನನಗೆ ಏನೂ ಗೊತ್ತಾಗುತ್ತಿಲ್ಲ.

ನೀರಿನ ಮೇಲೂ ಬೆಂಕಿಯ ಮುಂದೂ ದೇವರು ನಿನ್ನನ್ನು ಕಾಪಾಡಲಿ.

ನಿನ್ನ ಅಮ್ಮ,
ಕೆಜಾಯಾ

ಇನ್ನೊಂದು ಮಾತು: ಕಾಗದ ಮಡಿಸುವಷ್ಟರಲ್ಲಿ ಮತ್ತೆ ತೂಗಲು ಕರೆದರು. ಇಷ್ಟು ದಿನ ಥಿರ್ಜಾಳಿಗೆ ಗುಟ್ಟಾಗಿ ಕೆನೆ, ಬೆಣ್ಣೆ, ಕೊಬ್ಬಿನ ಕಡುಬು ತಿನ್ನಿಸುತ್ತಿದ್ದೆ, ನನ್ನ ಪಾಲನ್ನೂ ಅವಳಿಗೇ ಕೊಟ್ಟು. ತೂಕ ಬಂದಿದೆ, ಸದ್ಯ ಮಗು ಉಳಿಯಿತು. ಈಗ ಮನೆಯಲ್ಲಿ ಎಲ್ಲರಿಗಿಂತ ಹಗುರ ನಾನೇ. ಸೋಮವಾರ ಹಾರಿಸುತ್ತಾರಂತೆ. ಬೇಗ ಬಾರೋ.