ಅಕ್ಕನ ದನಿ ಇದ್ದ ಡಿಸ್ಕ್

ಜೂನ್ 4, ಬೆಳಿಗ್ಗೆ 8.40
ಸರ್ವರ್ ತಾನೇ ಬರೆದಿಡುವ ಲಾಗ್ ನೋಡಿದೆ. "ಬ್ಯಾಕಪ್ ಆಯಿತು." ದಿನವೂ ಅದೇ ಸಾಲು. ಎಸಿ ಸೋರುತ್ತಿದೆ, ಕೆಳಗೆ ಬಕೆಟ್ ಇಟ್ಟೆ. ಹಳೆಯ ಫೈಲು ಅಳಿಸುವ ಸ್ಕ್ರಿಪ್ಟ್ ತಿದ್ದಿದೆ. ಅಳಿಸುವ ಮೊದಲು ಏನೇನು ಹೋಗುತ್ತದೆ ಎಂದು ಪಟ್ಟಿ ತೆಗೆದು ಕಣ್ಣಾರೆ ನೋಡಬೇಕು. ಇಷ್ಟು ಬುದ್ಧಿ ಬರಲು ಇಪ್ಪತ್ತು ವರ್ಷ ಹಿಡಿಯಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಈ ಆಸ್ಪತ್ರೆಗೆ ವೈರ್ ಎಳೆಯಲು ಬಂದವನು. ಈಗ ಸರ್ವರ್ ರೂಮು ನನ್ನದೇ.

ಮಾತಿನ ಡಾಕ್ಟರಮ್ಮ ಬಂದಿದ್ದರು. ಗಂಟಲ ಆಪರೇಷನ್ನಿಗೆ ಮೊದಲು ರೋಗಿಗಳ ದನಿ ರೆಕಾರ್ಡ್ ಮಾಡಿಡುವುದು ಅವರ ಕೆಲಸ. ಆಮೇಲೆ ಅದೇ ದನಿಯಲ್ಲಿ ಯಂತ್ರ ಮಾತಾಡುತ್ತದೆ. ರೆಕಾರ್ಡೆಲ್ಲ ಇರುವುದು ನನ್ನ ಸರ್ವರಿನಲ್ಲಿ.

"ಒಂದ್ಸಲ ಬ್ಯಾಕಪ್‌ನಿಂದ ಯಾವ್ದಾದ್ರೂ ಫೈಲು ವಾಪಸ್ ತೆಗೆದು ತೋರಿಸ್ತೀರಾ?"

"ನೀವು ಗಂಟಲು ನೋಡ್ಕೊಳ್ಳಿ ಮೇಡಂ. ಡಿಸ್ಕ್ ನಾನು ನೋಡ್ಕೋತೀನಿ."

ಮುಖ ಸಣ್ಣದು ಮಾಡಿಕೊಂಡು ಹೋದರು. ಹೋಗಲಿ.

ಜೂನ್ 9
ಅಕ್ಕನ ಆಪರೇಷನ್ ಆಗಿ ಹನ್ನೆರಡು ದಿನ. ಧ್ವನಿಪೆಟ್ಟಿಗೆ ಪೂರ್ತಿ ತೆಗೆದರು. ಬಾಯಿ ಹೋದರೂ ದರ್ಬಾರು ಹೋಗಿಲ್ಲ, ಸ್ಲೇಟು ಹಿಡಿದೇ ವಾರ್ಡು ಆಳುತ್ತಾಳೆ. ಮೇ ತಿಂಗಳಲ್ಲಿ ಮೂರು ವಾರ ಕೂತು ಒಂದೂವರೆ ಸಾವಿರ ವಾಕ್ಯ ಓದಿ ರೆಕಾರ್ಡ್ ಮಾಡಿಸಿದ್ದಾಳೆ. ಮುಂದಿನ ವಾರ ಯಂತ್ರ ಬರುತ್ತದೆ. ಇವತ್ತು ಬರೆದಳು: "ನನ್ನ ದನಿ ನಿನ್ನ ಡಬ್ಬದಲ್ಲಿದೆ ಕಣೋ. ಧೂಳು ಒರೆಸೋವಾಗ ಮೆಲ್ಲಗೆ."

ಜೂನ್ 12, ಮಧ್ಯಾಹ್ನ 1.15
ಸರ್ವರಿನ ಡಿಸ್ಕ್ ಕೆಟ್ಟಿತು. ಸ್ವಲ್ಪ ಹೊತ್ತು ಟಕ್ ಟಕ್. ಆಮೇಲೆ ಅದೂ ಇಲ್ಲ. ಹೆದರಲಿಲ್ಲ. ಬ್ಯಾಕಪ್ ಡಿಸ್ಕ್ ಬೇರೆ ಇದೆಯಲ್ಲ.

2.50
ಬ್ಯಾಕಪ್ ಡಿಸ್ಕಿನಲ್ಲಿ ಕೊನೆಯ ಫೈಲು ಏಪ್ರಿಲ್ 17ರದ್ದು.

4.00
ಗೊತ್ತಾಯಿತು. ಏಪ್ರಿಲ್ 18ರಂದು ಕಪಾಟು ಸರಿಸಿದ್ದು ನಾನೇ. ಬ್ಯಾಕಪ್ ಡಿಸ್ಕಿನ ವೈರ್ ಕಳಚಿ ಮತ್ತೆ ಚುಚ್ಚಿದೆ. ಮೌಂಟ್ ಮಾಡಲಿಲ್ಲ — ಡಿಸ್ಕ್ ಬಂದಿದೆ ಎಂದು ಸರ್ವರಿಗೆ ಹೇಳಲೇ ಇಲ್ಲ. ಡಿಸ್ಕ್ ಇರಲಿ, ಇಲ್ಲದಿರಲಿ, ಅದರ ಹೆಸರಿನ ಖಾಲಿ ಫೋಲ್ಡರೊಂದು ಸರ್ವರಿನಲ್ಲೇ ಇರುತ್ತದೆ. ಬ್ಯಾಕಪ್ ಸ್ಕ್ರಿಪ್ಟ್ ಎಂಟು ವಾರ ನಕಲನ್ನೆಲ್ಲ ಅದರೊಳಗೇ ಸುರಿದಿದೆ. ಅಸಲು, ನಕಲು ಎರಡೂ ಸತ್ತ ಡಿಸ್ಕಿನಲ್ಲಿ. ಕಳ್ಳನಿಗೆ ಹೆದರಿ ಚಿನ್ನವನ್ನು ಎರಡು ಗಂಟು ಕಟ್ಟಿ ಒಂದೇ ಪೆಟ್ಟಿಗೆಯಲ್ಲಿಟ್ಟ ಹಾಗೆ. ಲಾಗಿನ ಆ "ಆಯಿತು"? ಆದರೂ ಆಗದಿದ್ದರೂ ಬರೆಯುವ ಹಾಗೆ ಸ್ಕ್ರಿಪ್ಟಿನ ಕೊನೆಯ ಸಾಲಿಗೆ ಹಾಕಿದ್ದವನು ನಾನೇ.

ಸ್ಕ್ರಿಪ್ಟಿನ ತಲೆಯಲ್ಲಿ ಎರಡು ಸಾಲು ಸಾಕಿತ್ತು. ಡಿಸ್ಕ್ ಮೌಂಟ್ ಆಗಿದೆಯೋ ನೋಡು. ಆಗಿಲ್ಲವೋ, ನಿಲ್ಲಿಸಿ ಕೂಗು. ವಾರಕ್ಕೊಮ್ಮೆ ಒಂದು ಫೈಲು ವಾಪಸ್ ತೆಗೆದು ನೋಡಿದ್ದರೂ... ಡಾಕ್ಟರಮ್ಮ ಕೇಳಿದ್ದು ಅದನ್ನೇ.

ಏಪ್ರಿಲ್ ಹದಿನೆಂಟರ ಈಚೆಗೆ ದನಿ ಕೊಟ್ಟವರು ಇಬ್ಬರು. ಅಕ್ಕ. ಒಬ್ಬ ಬಸ್ ಡ್ರೈವರ್. ಅವನ ಆಪರೇಷನ್ ಹದಿನಾರಕ್ಕೆ.

ಡಾಕ್ಟರಮ್ಮ ಫೋನ್ ಮಾಡಿದರು. "ಸಣ್ಣ ರಿಪೇರಿ ಮೇಡಂ. ಎರಡು ದಿನ," ಅಂದೆ.

ಜೂನ್ 15, ಸಂಜೆ 4.30
ಡಿಸ್ಕ್ ರಿಪೇರಿಯವನು ಬಿಚ್ಚಿ ನೋಡಿದ. "ಯಜಮಾನ್ರೇ, ಒಳಗಿನ ತಟ್ಟೆನೇ ಗೀಚಿ ಹೋಗಿದೆ. ಇದು ಹೆಣ. ಹೆಣಕ್ಕೆ ಡಾಕ್ಟರ್ ಯಾಕೆ?"

ಅಕ್ಕನದು ಮುಗಿಯಿತು. ಆದರೆ ಡ್ರೈವರ್ ಇನ್ನೂ ಮಾತಾಡುತ್ತಾನೆ. ಇವತ್ತೇ ಕೂರಿಸಿದರೆ ನೂರು ವಾಕ್ಯವಾದರೂ ಸಿಗುತ್ತದೆ. ಡಾಕ್ಟರಮ್ಮನ ಬಾಗಿಲ ತನಕ ಹೋದೆ. ಒಳಗೆ ಯಾರ ಜೊತೆಗೋ ನಗುತ್ತಿದ್ದರು. ಕೈ ಎತ್ತಿದವನು ಬಾಗಿಲು ತಟ್ಟಲಿಲ್ಲ. ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ.

ಜೂನ್ 16, ಬೆಳಿಗ್ಗೆ 11.50
ಎಂಟಕ್ಕೆ ಬರುವವನು ಧೈರ್ಯ ಸಾಲದೆ ಹತ್ತಕ್ಕೆ ಬಂದೆ. ಡಾಕ್ಟರಮ್ಮನ ಬಾಗಿಲು ದಾಟಿ ಮೊದಲು ಅಕ್ಕನ ಹತ್ತಿರ ಹೋದೆ. ನಿಂತೇ ಹೇಳಿದೆ. ಅಕ್ಕ ಅಳಲಿಲ್ಲ. ಸ್ಲೇಟು ಎಳೆದುಕೊಂಡು ಬರೆದಳು: "ಡ್ರೈವರಿಗೆ ಹೇಳಿದ್ಯಾ?"

"ಈಗ ಹೋಗ್ತೀನಿ ಅಕ್ಕಾ."

ಸ್ಲೇಟನ್ನು ನನ್ನ ಎದೆಗೆ ಒತ್ತಿ ಬಾಗಿಲ ಕಡೆ ತಳ್ಳಿದಳು. ಬಾಯಿ ಜೋರಾಗಿ ಆಡುತ್ತಿತ್ತು. ಏನೂ ಕೇಳಿಸಲಿಲ್ಲ.

ಓಡಿದೆ. ಡ್ರೈವರನ್ನು ಎಂಟೂವರೆಗೇ ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋಗಿದ್ದಾರೆ. ಬಾಗಿಲ ಮೇಲೆ ಕೆಂಪು ದೀಪ. ಅವನ ಹೆಂಡತಿ ಬೆಂಚಿನ ಮೇಲೆ, ಮಡಿಲಲ್ಲಿ ಅವನ ಚಪ್ಪಲಿ. ರೆಕಾರ್ಡಿಂಗಿಗೆ ಬಂದಾಗ ನನ್ನನ್ನು ಕಂಡಿದ್ದವಳು, ಗುರುತು ಹಿಡಿದು ಎದ್ದು ನಿಂತಳು.

"ಒಳಗೆ ಹೋಗೋ ತನಕ ಮಾತಾಡ್ತಾನೇ ಇದ್ರು ಅಣ್ಣಾ. ಸಾಕು ಸುಮ್ನಿರಿ, ಆಯಾಸ ಮಾಡ್ಕೋಬೇಡಿ, ಇನ್ಮೇಲೆ ಯಂತ್ರದಲ್ಲಿ ಕೇಳ್ತೀನಿ ಅಂತ ನಾನೇ ಬೈದು ಬಾಯಿ ಮುಚ್ಚಿಸಿದೆ. ದನಿ ಭದ್ರವಾಗಿದೆ ಅಲ್ವಾ?"

ನಾನು ಅಂದೆ — "ಇಲ್ಲಮ್ಮಾ. ದನಿ ಹೋಯ್ತು, ನನ್ನ ತಪ್ಪಿನಿಂದ."