ಎಷ್ಟು ತೂಕದಿಂದ ಶುರು ಮಾಡಬೇಕು

ಚಿತ್ರದುರ್ಗ
೮-೭-೧೯೭೪

ವ್ಯಾಯಾಮ ಶಿಕ್ಷಕಿ ಏಕಾಂತಮ್ಮನವರಿಗೆ ಗರಡಿಯ ಓಬಳೇಶಪ್ಪನ ನಮಸ್ಕಾರಗಳು.

ನಿಮ್ಮ ಹತ್ತಿರ ಗುಂಡು ಎಸೆತ ಕಲಿಯುತ್ತಿರುವ ಮಲ್ಲಕ್ಕ ನನ್ನ ಕಿರಿಯ ಮಗಳು, ಹದಿಮೂರು ವರ್ಷದವಳು. ಮೊನ್ನೆ ಮನೆಗೆ ಬಂದವಳೇ, "ಅಪ್ಪಾ, ಈಗ್ಲೇ ಭಾರ ಎತ್ತಬ್ಯಾಡ ಅಂದ್ರು ಮಿಸ್ಸು. ಮೊದ್ಲು ನಮ್ಮ ಮೈಯನ್ನೇ ನಾವು ಎತ್ತಬೇಕಂತೆ" ಅಂದಳು. ನಾನು ನಕ್ಕುಬಿಟ್ಟೆ. ಮೂವತ್ತು ವರ್ಷ ಹುಡುಗರಿಗೆ ಸಾಮು ಕಲಿಸಿದವನು ನಾನು. ಆದರೆ ಅಂದಿನಿಂದ ಆ ಮಾತು ತಲೆಯಿಂದ ಹೋಗಿಲ್ಲ.

ಹಿರಿಮಗ ಜಂಪಣ್ಣನಿಗೆ ಹನ್ನೆರಡಕ್ಕೇ ಮೂರು ಮಣದ, ಅಂದರೆ ಮೂವತ್ತು ಕೆಜಿ ಮೀರಿದ ಕಲ್ಲು ಎತ್ತಿಸಿದ್ದೆ. ನೋವು ಅಂದಾಗ, "ಎತ್ತಲೇ, ಎತ್ತಿದ್ರೆ ಹೋಗ್ತೈತೆ" ಅಂದಿದ್ದೆ. ಈಗ ಇಪ್ಪತ್ತೈದರ ಅವನು ಗೋಡೆ ಹಿಡಿದು ಏಳುತ್ತಾನೆ. ಬೆನ್ನುಮೂಳೆ ಕೆಟ್ಟಿದೆ ಎಂದರು ಡಾಕ್ಟರು. ಯಾಕೆ ಕೆಟ್ಟಿತು ಎಂದು ಅವರನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ನಿಮ್ಮನ್ನು ಕೇಳುತ್ತಿದ್ದೇನೆ. ಯಾವ ವಯಸ್ಸಿಗೆ, ಎಷ್ಟು ತೂಕದಿಂದ ಶುರು ಮಾಡಬೇಕು? ನೋವು ಬಂದರೆ ಎಷ್ಟು ದಿನ ಬಿಡಬೇಕು?

ಊಟದ ವಿಚಾರವನ್ನೂ ತಿಳಿಸಿ. ಗಂಡುಮಕ್ಕಳಿಗೆ ಹಾಲು, ಮೊಟ್ಟೆ, ನೆನೆಸಿದ ಕಡಲೆ ನಾನೇ ಮುಂದೆ ಕೂತು ತಿನ್ನಿಸುತ್ತಿದ್ದೆ. ಮಲ್ಲಕ್ಕನಿಗೆ ಮುದ್ದೆ, ಸಾರು ಬಿಟ್ಟು ಬೇರೇನಾದರೂ ಕೊಟ್ಟ ನೆನಪಿಲ್ಲ. ಈಗಿನಿಂದ ಕೊಟ್ಟರೂ ಮೈಗೆ ಹತ್ತುತ್ತದೆಯೇ?

ನಿನ್ನೆ ಜಂಪಣ್ಣನಿಗೆ ನಿಮ್ಮ ಮಾತು ಹೇಳಿದೆ. ಗೋಡೆ ಹಿಡಿದು ಎದ್ದು ನಿಂತ. ಆಮೇಲೆ, "ಆಯಮ್ಮನ್ನೇ ಗರಡಿಗೆ ಕರೆಸಪ್ಪ. ಹುಡುಗ್ರೆಲ್ಲಾ ಕುಂತು ಕೇಳ್ಲಿ" ಅಂದ.

ನಮ್ಮ ಗರಡಿಯೊಳಗೆ ಈವರೆಗೆ ಹೆಂಗಸರು ಕಾಲಿಟ್ಟಿಲ್ಲ. ಭಾನುವಾರ ಬೆಳಗ್ಗೆ ದಯವಿಟ್ಟು ಬನ್ನಿ. ಮಲ್ಲಕ್ಕನನ್ನು ಕರೆದುಕೊಂಡು ನಾನು ಬಾಗಿಲಲ್ಲೇ ನಿಂತಿರುತ್ತೇನೆ.

ನಿಮ್ಮಿಂದ ಕಲಿಯಬಯಸುವ,
ಓಬಳೇಶಪ್ಪ